ನಾಯಿಗಳ ಜೊತೆ ಕೊಲ್ಲಿಗೆ

ವಾರದ ಆರು ದಿನ ನನ್ನ ಕಂಡರೆ ಹಲ್ಲು ಕಿರಿಯುವ ಇವು
ಭಾನುವಾರ ಮಾತ್ರ ನನ್ನ ನೆಂಟರು.
ಖಾಕಿ ಅಂಗಿ ಮೊಳೆಗೆ ಸಿಕ್ಕಿಸಿ, ಲುಂಗಿ ಎತ್ತಿ ಕಟ್ಟಿ
ಬಿರುನಾಣಿಯ ಅಂಚೆ ಕಚೇರಿಯ ಹಿಂದಿನ ಬೇಲಿ ದಾಟಿದರೆ ಸಾಕು,
ಮೊದಲು ಬರುವವನು ಮೇಜರ್.
ಪಟ್ಟಾಳದಿಂದ ಬಂದ ಪೂಣಚ್ಚನವರ ಮನೆ ಕಾಯುವವನು,
ಎಡಗಿವಿಯ ಅರ್ಧ ಹಂದಿಗೆ ಕೊಟ್ಟು ಬಂದಿದ್ದಾನೆ.
ಆಮೇಲೆ ಲೈನ್‌ಮನೆಯ ಚೋಮಿಯ ರೋಸಿ,
ಬಾಲ ಅಲ್ಲಾಡಿಸಹೋದರೆ ಇಡೀ ಮೈ ಅಲ್ಲಾಡುತ್ತದೆ.
ಮೂರನೆಯದಕ್ಕೆ ಮನೆಯಿಲ್ಲ, ಹೆಸರಿಲ್ಲ.
ವಿಳಾಸ ಸಿಗದ ಕಾಗದದ ಹಾಗೆ
ಅಂಗಡಿಯಿಂದ ಅಂಗಡಿಗೆ ಹೋಗುತ್ತಿರುತ್ತದೆ.

ಏಪ್ರಿಲ್. ಕಾಫಿ ಹೂವು ಕಂದಿ ಗಿಡದಲ್ಲೇ ಒಣಗಿದೆ.
ಹೂಮಳೆ ಬಂದು ಹೋಗಿ ಇಪ್ಪತ್ತೆಂಟು ದಿನ, ಇನ್ನೊಂದು ಹನಿಯಿಲ್ಲ
ಎಂದು ಬಸ್ ಸ್ಟ್ಯಾಂಡಿನಲ್ಲಿ ಬಿದ್ದಪ್ಪ ಲೆಕ್ಕ ಹೇಳುತ್ತಿದ್ದ.
ಹೇಳಲಿ.
ಇವತ್ತು ನನಗೆ ಲೆಕ್ಕವಿಲ್ಲ, ಮನಿಯಾರ್ಡರಿಲ್ಲ,
ಯಾರ ಹೆಬ್ಬೆಟ್ಟಿಗೂ ಮಸಿ ಹಚ್ಚಬೇಕಿಲ್ಲ.
ಚೀಲದಲ್ಲಿ ನಾಲ್ಕು ಅಕ್ಕಿ ಒಟ್ಟಿ, ಎಳ್ಳು ಪಜ್ಜಿ, ಒಂದು ಈರುಳ್ಳಿ.

ಕೊಲ್ಲಿ ಎಂದರೆ ನಮ್ಮಲ್ಲಿ ಭೂಪಟದ ಕಡಲಲ್ಲ,
ಎರಡು ಬೆಟ್ಟ ಮುನಿಸಿಕೊಂಡು ನಡುವೆ ಬಿಟ್ಟ ಜಾಗ.
ಮಳೆಗಾಲದಲ್ಲಿ ಯಾರಿಗೂ ಮಾತಾಡಗೊಡುವುದಿಲ್ಲ.
ಈಗ ಬರಿಯ ಬಂಡೆಗಳು,
ಮದುವೆ ಮುಗಿದ ಚಪ್ಪರದಲ್ಲಿ ಉಳಿದ ಮುದುಕರಂತೆ
ಒಂದಕ್ಕೊಂದು ಒರಗಿ.
ನೀರು ತನ್ನ ಎತ್ತರಕ್ಕೆ ತಾನೇ ಗೀಟು ಹಾಕಿ ಹೋಗಿದೆ:
ಇಲ್ಲಿ ಜುಲೈ, ಇಲ್ಲಿ ಆಗಸ್ಟು,
ನನ್ನ ತಲೆಗಿಂತ ಎರಡಾಳು ಮೇಲೆ
ಮುರಿದ ಕೊಂಬೆಯೊಂದು ಸಿಕ್ಕಿಕೊಂಡಲ್ಲಿ, ಆ ವರ್ಷದ್ದು.
ಯಾವ ವರ್ಷ ಎಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ.
ಆ ನೀರಿನ ತಳದಲ್ಲಿ ಈಗ ನಮ್ಮ ನಡಿಗೆ,
ಚಪ್ಪಲಿ ಒದ್ದೆಯಾಗದೆ.

ಏನು ಮಾಡಿದಿರಿ ಎಂದರೆ, ಏನೂ ಇಲ್ಲ.
ರೋಸಿ ಕಾಡುಮಾವಿನ ಗೊರಟೆಯೊಂದನ್ನು ಕೊಂದಳು,
ಹೂತಳು, ಮರೆತಳು, ಮತ್ತೆ ಕಂಡು ಬೆಚ್ಚಿದಳು.
ಮೇಜರ್ ನೆರಳಿನ ಜೊತೆ ಜಾಗ ಬದಲಿಸುತ್ತ
ಹತ್ತರಿಂದ ಒಂದರವರೆಗೆ ಒಂದೇ ಬಂಡೆಗೆ ಅರ್ಧ ಸುತ್ತು ಬಂದ.
ನಾನು ಅವನ ಹಿಂದೆ ತೆವಳಿದೆ. ಇಬ್ಬರಿಗೂ ಮಂಡಿ ನೋವು.
ನಾಲ್ಕು ಒಟ್ಟಿ, ನಾಲ್ಕು ಬಾಯಿ, ಜಗಳವಿಲ್ಲ.
ಪಜ್ಜಿ ಮೂಸಿ ಮೂವರೂ ಸೀನಿದರು.
ಮೇಲೆ ಮಂಗಟ್ಟೆ ಹಕ್ಕಿಯೊಂದು ಹಾದುಹೋಯಿತು,
ಏರಿನಲ್ಲಿ ಹಳೆ ಜೀಪು ಏದುಸಿರು ಬಿಟ್ಟ ಹಾಗೆ ರೆಕ್ಕೆಯ ಸದ್ದು.
ನಾಯಿಗಳು ತಲೆ ಎತ್ತಿದವು. ನಾನೂ ಎತ್ತಿದೆ.
ಬೊಗಳುವಷ್ಟು ಹುಮ್ಮಸ್ಸು ಯಾರಲ್ಲೂ ಇರಲಿಲ್ಲ.

ಆಗ ಹೆಸರಿಲ್ಲದ್ದು ಎದ್ದು
ಮರಳು ಮೂಸಿ, ಅತ್ತ ಮೂಸಿ, ಇತ್ತ ಬಂದು
ಕೆರೆಯತೊಡಗಿತು.
ಏ, ಸುಮ್ಮನಿರು ಅಂದೆ. ತೆರೆದ ಬಾಯಿಗೇ ಮರಳು ಬಂತು.
ಮುಂಗಾಲು ಮುಳುಗಿತು, ಎದೆ ಮುಳುಗಿತು,
ಕೊನೆಗೆ ಬಾಲ ಮಾತ್ರ ಮೇಲೆ, ಯಾರಿಗೋ ಟಾಟಾ ಮಾಡುತ್ತ.
ಮರಳ ಬಣ್ಣ ಬದಲಾಯಿತು.
ತಳದಲ್ಲಿ ಒಂದು ಕಣ್ಣು ಬಿಟ್ಟಿತು,
ಮೊದಲು ಕೆಂಪಗೆ, ನಿದ್ದೆಗೆಟ್ಟಂತೆ,
ಆಮೇಲೆ ತಿಳಿಯಾಗಿ
ಅದರೊಳಗೆ ಒಂದು ಹಿಡಿ ಆಕಾಶ, ಒಂದು ಒದ್ದೆ ಮೂಗು.

ತೋಡಿದ್ದು ಮೊದಲು ಕುಡಿಯಿತು.
ಮೇಜರ್ ಕಾದ. ಗೇಟು ಕಾಯುವುದಲ್ಲ,
ಸರದಿ ಕಾಯುವುದು. ಅವನಿಗದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.
ಆಮೇಲೆ ರೋಸಿ. ಕೊನೆಗೆ ನಾನು, ಬೊಗಸೆಯಲ್ಲಿ:
ನಾಯಿ ನಾಲಗೆಯ ರುಚಿ, ಕಬ್ಬಿಣದ ರುಚಿ,
ಯಾವುದೋ ಜುಲೈ ಬಚ್ಚಿಟ್ಟು ಹೋದದ್ದರ ರುಚಿ.
ನಾವು ಹಿಂದೆ ಸರಿದದ್ದೇ ತಡ, ಎಲ್ಲಿದ್ದವೋ,
ಹಳದಿ ಚಿಟ್ಟೆಗಳು ಗುಂಡಿಯ ಅಂಚಿಗೆ ಬಂದು
ಅಂಚೆಚೀಟಿಯಂತೆ ಒತ್ತೊತ್ತಾಗಿ ಅಂಟಿಕೊಂಡವು.

ಇಳಿಹೊತ್ತಿನಲ್ಲಿ ಹತ್ತಿ ಬರುವಾಗ
ಅದಕ್ಕೊಂದು ಹೆಸರಿಡಬೇಕು ಎನಿಸಿತು.
ಮೂರು ನಾಲ್ಕು ಹೆಸರು ಕೂಗಿ ನೋಡಿದೆ.
ತಿರುಗಲಿಲ್ಲ. ಶೆಟ್ಟರ ಅಂಗಡಿಯ ಮೆಟ್ಟಿಲಿಗೆ ಹೋಗಿ ಮಲಗಿತು.

ಸೋಮವಾರ ಬೆಳಿಗ್ಗೆ ಪೂಣಚ್ಚನವರ ಗೇಟಿನಲ್ಲಿ
ಖಾಕಿ ಕಂಡು ಮೇಜರ್ ಎಗರಿ ಬಿದ್ದ.
ಅವನ ಪಂಜದ ಸಂದಿಯಲ್ಲಿ ಮರಳು. ನನ್ನ ಕಿವಿಯಲ್ಲೂ.
ನಾನು ಪಿಂಚಣಿ ಕಾಗದ ಕೊಟ್ಟೆ, ಅವನು ಬೊಗಳಿದ.
ನಿನ್ನೆಯ ಮಾತು ಇಬ್ಬರೂ ಎತ್ತಲಿಲ್ಲ.